ಚಿನ್ನದ ಅಕ್ಷರದಲ್ಲಿ ನೂತೋನ ಕಾಲು

ಪಾದ್ರಿ ಫ್ಲೋರಿಯಾನೊ ಬೆಳಗಿನ ಪೂಜೆ ಮುಗಿಸಿ, ಪೂಜೆಯ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಯ ಬಾಗಿಲಿಗೆ ಬಂದಾಗ, ಜಿಲಿಯಾ ಒಬ್ಬ ವಕೀಲನಿಗೆ ಕತ್ತೆಯ ಕಿವಿ ಬರೆಯುತ್ತಿದ್ದಳು.

ಬೊಲೋನ್ಯಕ್ಕೆ ಕಾನೂನು ಓದಲು ಬರುವವರಿಗೆ ಪುಸ್ತಕ ಬೇಕು. ಪುಸ್ತಕದ ಪ್ರತಿ ಭಾಗದ ಮೊದಲ ಅಕ್ಷರ ದೊಡ್ಡದಾಗಿ ಬಣ್ಣದಲ್ಲಿ ಇರಬೇಕು. ಆ ಅಕ್ಷರದ ಹೊಟ್ಟೆಯೊಳಗೆ ಒಬ್ಬ ನ್ಯಾಯಾಧೀಶನೋ ವಕೀಲನೋ ಕೂತಿರಬೇಕು. ನಕಲುಗಾರರು ಅಕ್ಷರಕ್ಕೆ ಜಾಗ ಬಿಟ್ಟು ಹಾಳೆ ಕಳಿಸುತ್ತಿದ್ದರು, ಜಿಲಿಯಾ ಆ ಜಾಗಕ್ಕೆ ವಕೀಲರನ್ನು ತುಂಬಿ ವಾಪಸು ಕಳಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ವಕೀಲರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹಾಗಾಗಿ ಹತ್ತಕ್ಕೊಬ್ಬನಿಗೆ ಕತ್ತೆ ಕಿವಿ, ಇಪ್ಪತ್ತಕ್ಕೊಬ್ಬನಿಗೆ ಹಂದಿ ಮೂತಿ. ಓದುವವರು ಕಾನೂನು ಬಿಟ್ಟು ಅದನ್ನೇ ಹುಡುಕುತ್ತಿದ್ದರು.

"ಜಿಲಿಯಾ, ನೀನು ಹಚ್ಚಿದ ಬಣ್ಣ ನಿಲ್ಲಲಿಲ್ಲ ಕಣಮ್ಮ," ಎಂದರು ಪಾದ್ರಿ. ನಮಸ್ಕಾರ ಇಲ್ಲ, ಗಿಮಸ್ಕಾರ ಇಲ್ಲ.

"ಯಾವ ಬಣ್ಣ?"

"ದೊಡ್ಡ ಪುಟದ್ದು. ಕಾಲು ಹೋಗಿದೆ."

ಜಿಲಿಯಾಳ ಕುಂಚ ಕತ್ತೆ ಕಿವಿಯ ಮೇಲೆಯೇ ನಿಂತಿತು.

ಪೂಜೆಯ ನಟ್ಟನಡುವೆ ಪಾದ್ರಿ ಓದುವ ಪ್ರಾರ್ಥನೆ ‘ಟಿ’ ಅಕ್ಷರದಿಂದ ಶುರುವಾಗುತ್ತದೆ. ಆ ಅಕ್ಷರದ ಆಕಾರವೇ ಶಿಲುಬೆ. ಅದಕ್ಕೇ ಚಿತ್ರ ಬರೆಯುವವರು ಅದನ್ನು ಪುಟದುದ್ದಕ್ಕೂ ಎತ್ತಿ ನಿಲ್ಲಿಸಿ, ಯೇಸುಸ್ವಾಮಿಯನ್ನು ಅದಕ್ಕೆ ಮೊಳೆ ಹೊಡೆದು ಬಿಡುತ್ತಾರೆ. ಓದುವ ಮೊದಲು ಪಾದ್ರಿ ಬಗ್ಗಿ ಆ ಪುಟಕ್ಕೊಂದು ಮುತ್ತು ಕೊಡಬೇಕು. ಎಂಟು ವರ್ಷದ ಹಿಂದೆ ಕೇರಿಯ ಇಗರ್ಜಿಗೆ ಹೊಸ ಪುಸ್ತಕ ಮಾಡಿಸುವಾಗ ಚಿತ್ರ ಬರೆಯುವ ದೊಡ್ಡ ದೊಡ್ಡ ಮಾಸ್ತ್ರೊಗಳೆಲ್ಲ ಮಠದ ಹಾಡಿನ ಪುಸ್ತಕಗಳಲ್ಲಿ ಮುಳುಗಿದ್ದರು. ಬೇರೆ ಗತಿಯಿಲ್ಲದೆ ಆ ಪುಟ ಜಿಲಿಯಾಳ ಕೈಗೆ ಬಂತು. ಅವಳ ಜೀವಮಾನದಲ್ಲಿ ವಕೀಲರಿಲ್ಲದ ಪುಟ ಅದೊಂದೇ. ಮಂಜು ಕವಿದ ಬೆಳಗುಗಳಲ್ಲಿ ಕೂತು, ಅಂಟಿನ ಮೇಲೆ ಬಾಯಿಂದ ಹಬೆ ಊದಿ ಊದಿ ಚಿನ್ನದ ರೇಕು ಕೂರಿಸಿ, ನಾಯಿಹಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿದ್ದಳು. ಪುಸ್ತಕ ಇಗರ್ಜಿಗೆ ಹೋದ ಮೇಲೆ ಅವಳು ಅದನ್ನು ಮತ್ತೆ ನೋಡಲಿಲ್ಲ. ಹೆಂಗಸರು ಪೀಠದ ಹತ್ತಿರ ಸುಳಿಯುವಂತಿಲ್ಲ. ಎಂಟು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಅವಳು ಕಂಡದ್ದು ಫ್ಲೋರಿಯಾನೊ ಪಾದ್ರಿಯ ಬೆನ್ನು. ಅಗಲವಾದ ಬೆನ್ನು.

"ಇಲ್ಲಿ ಕೊಡಿ," ಎಂದು ಪುಸ್ತಕ ಕಿತ್ತುಕೊಂಡಳು.

ಪುಟ ತೆರೆದಳು. ಚಿನ್ನ ಹಾಗೇ ಇತ್ತು. ನೀಲಿ ಹಾಗೇ ಇತ್ತು. ತಲೆ ಬಗ್ಗಿಸಿದ ಮುಖ, ಎದೆಯ ಎಲುಬು, ಸೊಂಟದ ಬಟ್ಟೆ ಎಲ್ಲ ನಿನ್ನೆ ಬರೆದಂತೆ ಇದ್ದವು. ಮೊಳಕಾಲಿನ ಕೆಳಗೆ ಮಾತ್ರ ಏನೂ ಇರಲಿಲ್ಲ. ಬರೀ ಹಾಳೆಯ ಚರ್ಮ, ಕೊಳೆಯಾದ ಚರ್ಮ. ಸ್ವಾಮಿ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಿದ್ದ.

"ಬಣ್ಣ ನಿಲ್ಲಲಿಲ್ಲ ಅಂತೀರಲ್ಲ," ಎಂದಳು ಜಿಲಿಯಾ. ಅವಳ ದನಿ ಏರತೊಡಗಿತು. "ನಿಲ್ಲೋಕೆ ನೀವೆಲ್ಲಿ ಬಿಟ್ರಿ? ನೆಕ್ಕಿ ತಿಂದಿದ್ದೀರಿ! ಪುಟದ ಕೆಳಗೆ ಇಷ್ಟುದ್ದ ಶಿಲುಬೆ ಬರೆದಿದ್ದೆ, ಇಲ್ಲಿ, ನೋಡಿ. ಯಾತಕ್ಕೆ? ಮುತ್ತು ಕೊಡೋಕೆ. ಚಿತ್ರ ಹಾಳಾಗಬಾರದು ಅಂತ ಎಲ್ಲಾ ಪುಸ್ತಕದಲ್ಲೂ ಬರೀತಾರೆ. ಇದು ನೋಡಿ, ಒಂದು ಗೀರೂ ಬಿದ್ದಿಲ್ಲ. ಇದರ ಮೇಲೆ ನೊಣ ಕೂಡ ಕೂತಂಗಿಲ್ಲ!"

"ಶಿಲುಬೆಗೆ ಮುತ್ತು ಕೊಟ್ರೆ ಏನೂ ಅನ್ಸಲ್ಲಮ್ಮ. ಕಾಲಿಗೆ ಕೊಟ್ರೆ ಭಕ್ತಿ ಬರುತ್ತೆ."

"ಭಕ್ತಿ ಬರುತ್ತೆ, ಬಣ್ಣ ಹೋಗುತ್ತೆ."

"ಬೈಯಬೇಡ. ಭಾನುವಾರ ಬಿಷಪ್ಪರ ಕಡೆಯಿಂದ ತನಿಖೆಗೆ ಬರ್ತಾರೆ. ಪಾತ್ರೆ, ಬಟ್ಟೆ, ಪುಸ್ತಕ ಎಲ್ಲಾ ಬಿಚ್ಚಿ ನೋಡ್ತಾರೆ. ಕಾಲಿಲ್ಲದ ಸ್ವಾಮೀನ ಹ್ಯಾಗೆ ತೋರಿಸ್ಲಿ? ಇವತ್ತೇ ಬರೆದುಕೊಡು. ನಾನು ಇಲ್ಲೇ ಕೂತಿರ್ತೀನಿ. ಪುಸ್ತಕ ಬಿಟ್ಟು ಹೋಗೋ ಹಾಗಿಲ್ಲ."

ಜಿಲಿಯಾ ಇನ್ನೂ ನಾಲ್ಕು ಮಾತು ಆಡುತ್ತಿದ್ದಳು. ಆದರೆ ಪುಟ ಅವಳ ಮುಂದೆ ತೆರೆದಿತ್ತು. ಕಿಟಕಿಯ ಬೆಳಕು ಬಿದ್ದು ‘ಟಿ’ ಅಕ್ಷರ ಮುಖಕ್ಕೆ ಹೊಳೆಯಿತು. ಅವಳು ವಕೀಲನನ್ನು ಪಕ್ಕಕ್ಕೆ ತಳ್ಳಿ, ಕೈ ತೊಳೆದುಕೊಂಡು ಬಂದಳು.

ಪಾದ್ರಿ ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಹಿತ್ತಲಿನಿಂದ ನೂತೊ ಬಂದ.

ನೂತೊ ಜಿಲಿಯಾಳ ಗಂಡ. ಕುರಿ ಚರ್ಮ, ಕರುವಿನ ಚರ್ಮಗಳನ್ನು ಸುಣ್ಣದಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ಅರ್ಧಚಂದ್ರದಂಥ ಕತ್ತಿಯಿಂದ ಹೆರೆದು ಬರೆಯುವ ಹಾಳೆ ಮಾಡುವವನು. ಚರ್ಮದ ವಿಷಯದಲ್ಲಿ ಬೊಲೋನ್ಯದಲ್ಲಿ ಅವನನ್ನು ಮೀರಿಸುವವರಿಲ್ಲ. ಉಳಿದ ಎಲ್ಲ ವಿಷಯದಲ್ಲೂ ಎಲ್ಲರೂ ಮೀರಿಸುತ್ತಿದ್ದರು. ಬೆಳಗಿನಿಂದ ಸುಣ್ಣದ ತೊಟ್ಟಿಯಲ್ಲಿ ನಿಂತು ಕಾಲು ಉರಿಯುತ್ತಿತ್ತು. ಒಂದು ಬಕೆಟ್ ತಣ್ಣೀರು ತಂದು, ಪಾದ್ರಿಯ ಎದುರಿಗೇ ಮುಕ್ಕಾಲಿ ಹಾಕಿಕೊಂಡು, ಎರಡೂ ಕಾಲು ಮುಳುಗಿಸಿ, "ಅಹಾ" ಎಂದು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕಾಲುಗಳನ್ನು ಎತ್ತಿ, ಒಂದರ ಮೇಲೊಂದು ಹಾಕಿ, ಬಕೆಟ್ಟಿನ ಅಂಚಿಗೆ ಒರಗಿಸಿದ.

ಪಾದ್ರಿ ಸುಮ್ಮನೆ ನೋಡುತ್ತಿದ್ದವರು ಮುಂದಕ್ಕೆ ಬಗ್ಗಿದರು. ಮತ್ತೆ ಬಗ್ಗಿದರು. ಮೂಗು ನೂತೋನ ಹೆಬ್ಬೆರಳಿಗೆ ಒಂದು ಗೇಣು ದೂರ ಬಂದಾಗ ನಿಂತರು. ಎಂಟು ವರ್ಷ ದಿನಾ ಬೆಳಿಗ್ಗೆ ಆ ದೂರದಿಂದಲೇ ನೋಡಿದ ಕಾಲು. ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿದೆ. ಬಲಗಾಲಿನ ಹರಡಿನ ಕೆಳಗೆ ಕತ್ತಿ ಬಿದ್ದ ಗುರುತು, ಬಾಗಿದ ಹುಲ್ಲುಕಡ್ಡಿಯಂತೆ. ಕಿರುಬೆರಳಿಗೆ ಉಗುರೇ ಇಲ್ಲ.

ಪಾದ್ರಿಯ ಮುಖ ಸುಟ್ಟ ಬದನೆಕಾಯಿಯಾಯಿತು.

"ಜಿಲಿಯಾ," ಎಂದರು ಮೆಲ್ಲಗೆ. "ಇದು ಯಾರ ಕಾಲು?"

ಜಿಲಿಯಾ ತಲೆಯೆತ್ತಿದಳು. ನೋಡಿದಳು. ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳುವುದಕ್ಕೆ ತಾಳ್ಮೆ ಬೇಕು, ಅದು ಅವಳ ಹತ್ತಿರ ಇರಲಿಲ್ಲ.

"ನನ್ನ ಗಂಡನ್ದು. ಇನ್ಯಾರದ್ದಿರುತ್ತೆ? ನಾನು ಹುಟ್ಟಿದಾಗಿಂದ ಬರೆದದ್ದು ವಕೀಲರನ್ನ. ವಕೀಲರಿಗೆ ಕಾಲೆಲ್ಲಿದೆ? ನೆಲ ಗುಡಿಸೋ ಅಂಗಿ ಹಾಕ್ಕೊಂಡಿರ್ತಾರೆ. ಬರಿಗಾಲು ಹ್ಯಾಗಿರುತ್ತೆ ಅಂತ ನಂಗೇನು ಗೊತ್ತು? ಇವನು ಮಧ್ಯಾಹ್ನ ಮಲಗಿದ್ದ. ಕಾಲು ಕಾಣ್ತಿತ್ತು. ನೋಡಿ ಬರೆದೆ."

"ನೋಡಿ ಬರೆದೆ!" ಪಾದ್ರಿ ಎದ್ದು ನಿಂತರು. "ಎಂಟು ವರ್ಷ! ದಿನಾ ಬೆಳಿಗ್ಗೆ! ಹಬ್ಬದ ದಿನ ಎರಡೆರಡು ಸಲ! ನಾನು ಮುತ್ತು ಕೊಟ್ಟಿದ್ದು ಈ ಕುಡುಕನ ಕಾಲಿಗೇನೇ?"

ನೂತೊ ಕಣ್ಣು ತೆರೆದ. ವಿಷಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನ ಮುಖ ಅರಳಿದ ಪರಿಯನ್ನು ನೋಡಬೇಕಿತ್ತು.

"ನನ್ನ ಕಾಲಿಗಾ ಸ್ವಾಮಿ? ದಿನಾನಾ? ಲೇ ಜಿಲಿಯಾ, ಕೇಳಿಸ್ತಾ? ನೀನು ಒಂದು ದಿನಾನೂ ಒತ್ತಿಕೊಟ್ಟವಳಲ್ಲ."

"ಬಾಯಿ ಮುಚ್ಚು!" ಎಂದರು ಜಿಲಿಯಾ, ಪಾದ್ರಿ ಇಬ್ಬರೂ.

"ಅಲ್ಲ ಸ್ವಾಮಿ, ಅದಕ್ಕೇ ಇರಬೇಕು, ಬೆಳಗಾದ್ರೆ ಒಂಥರಾ ಕಚಗುಳಿ ಆಗ್ತಿತ್ತು—"

ಪಾದ್ರಿ ಪುಸ್ತಕವನ್ನು ಮೇಜಿನಿಂದ ಎಳೆದುಕೊಂಡರು. "ಇದು ಪೂರ್ತಿ ಹೋಗಬೇಕು. ಕಾಲು ಮಾತ್ರ ಅಲ್ಲ. ಇಡೀ ಅಕ್ಷರ. ಕಾಲೇ ಇವನದಾದ್ರೆ ಉಳಿದದ್ದು ಯಾರದ್ದೋ, ಆ ಮುಖ ಯಾವ ಹೋಟೆಲಿನವನದ್ದೋ! ಹೆರೆದು ಹಾಕಿ, ಮಾಸ್ತ್ರೊ ತದ್ದೇವೊ ಹತ್ರ ಹೊಸದಾಗಿ ಬರೆಸ್ತೀನಿ. ಅವನಾದ್ರೆ ನಮೂನೆ ಪುಸ್ತಕ ನೋಡಿ ಬರೀತಾನೆ. ಮನೆಯವರ ಕಾಲು ನೋಡಿ ಅಲ್ಲ."

"ತದ್ದೇವೊ!" ಜಿಲಿಯಾ ಕೂಗಿದಳು. "ತದ್ದೇವೊ ಬರೆದ ಸಂತರನ್ನ ನೋಡಿದ್ದೀರಾ? ಎಲ್ಲರಿಗೂ ಒಂದೇ ಮುಖ. ಒಬ್ಬ ತಾಯಿ ಹೊಟ್ಟೇಲಿ ಹುಟ್ಟಿದ ಹನ್ನೆರಡು ಮಕ್ಕಳ ಹಾಗಿರ್ತಾರೆ. ಈ ಪುಟ ಮುಟ್ಟಬೇಡಿ ಸ್ವಾಮಿ. ಇಪ್ಪತ್ತೆರಡು ವರ್ಷದಲ್ಲಿ ನಂದು ಅಂತ ಇರೋದು ಇದೊಂದೇ. ಬೇಕಾದ್ರೆ ನನ್ನನ್ನೇ ಹೆರೆದು ಹಾಕಿ."

ಅವಳ ಕಣ್ಣಲ್ಲಿ ನೀರಿತ್ತು. ಅದಕ್ಕೆ ಅವಳಿಗೇ ಇನ್ನಷ್ಟು ಕೋಪ ಬಂತು.

ಪಾದ್ರಿ ಅವಳ ಕಡೆ ನೋಡಲಿಲ್ಲ. ನೂತೋನ ಕಡೆ ತಿರುಗಿ, "ಹೆರೆಯೋ ಕೆಲಸ ನಿಂದೇ ತಾನೆ? ತಗೋ ಕತ್ತಿ. ನಿನ್ನ ಕಾಲು ನೀನೇ ಕೆರೆದು ತೆಗಿ," ಎಂದರು.

"ಮುಟ್ಟಿದ್ರೆ ಕೈ ಮುರೀತೀನಿ ನೂತೊ."

ನೂತೊ ಹೆಂಡತಿಯನ್ನು ನೋಡಿದ, ಪಾದ್ರಿಯನ್ನು ನೋಡಿದ. ಅಂಗಿಗೆ ಕೈ ಒರೆಸಿಕೊಂಡು ಪುಸ್ತಕವನ್ನು ಪಾದ್ರಿಯ ಕೈಯಿಂದ ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡ. ಅದು ಎಂಟು ವರ್ಷದ ಹಿಂದೆ ಅವನೇ ಹದ ಮಾಡಿದ ಚರ್ಮ. ಕಿಟಕಿಯ ಹತ್ತಿರ ಹೋಗಿ, ಆ ಒಂದು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದ. ಚರ್ಮ ಹೆರೆಯುವವರು ಯಾರೇ ಆಗಲಿ, ಕತ್ತಿ ಇಡುವ ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ. ಎಲ್ಲಿ ತೆಳು, ಎಲ್ಲಿ ದಪ್ಪ, ಎಲ್ಲಿ ಕತ್ತಿ ಸಿಕ್ಕಿಕೊಂಡು ತೂತಾಗುತ್ತದೆ ಎಂದು.

"ಆಗಲ್ಲ ಸ್ವಾಮಿ," ಎಂದ. "ಎಣ್ಣೆ ಕುಡಿದುಬಿಟ್ಟಿದೆ."

"ಏನು?"

"ಇಲ್ಲಿ ಬನ್ನಿ. ಕಾಲು ಇದ್ದ ಜಾಗ. ಬೆಳಕು ಹಾಯ್ತಿದೆ ನೋಡಿ. ಜಿಡ್ಡು ಇಳಿದ ಕಡೆ ಚರ್ಮ ಕಿಟಕಿ ಆಗುತ್ತೆ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಒಳ್ಳೇ ತುಟಿ ಅಚ್ಚೊತ್ತಿದ ಹಾಗಿದೆ. ಇಲ್ಲಿ ಕತ್ತಿ ಇಟ್ರೆ ಹರಿದೇ ಹೋಗುತ್ತೆ." ನೂತೊ ಹಾಳೆಯನ್ನು ಮೂಗಿಗೆ ತಂದ. ಚರ್ಮದವರ ಮೂಗು, ಸತ್ತ ಕರು ಯಾವ ಹೊಲದಲ್ಲಿ ಮೇದಿತ್ತು ಎಂದು ಹೇಳುವ ಮೂಗು. "ಹಂದಿ ಕೊಬ್ಬು. ಬೆಳ್ಳುಳ್ಳಿ ಇದೆ. ಸೋಂಪು ಇದೆ... ಸ್ವಲ್ಪ ಅಲ್ಲ, ಕೈ ತುಂಬ ಸೋಂಪು. ಇಷ್ಟು ಸೋಂಪು ಹಾಕೋದು ಬೆತ್ತೊ ಒಬ್ಬನೇ. ಬೆತ್ತೋನ ಸಾಸೇಜು ಇದು. ಹೌದಾ ಸ್ವಾಮಿ?"

ಅವನು ಕೇಳಿದ್ದು ಕಪಟವಿಲ್ಲದೆ. ತನ್ನ ಮೂಗು ಸರಿಯೋ ತಪ್ಪೋ ಎಂದು ತಿಳಿಯಲು ಕೇಳಿದ, ಅಷ್ಟೆ.

ಪಾದ್ರಿಯ ಕೈ ತಾನಾಗಿ ಬಾಯಿಗೆ ಹೋಯಿತು.

ಜಿಲಿಯಾ ನಿಧಾನವಾಗಿ ಕಣ್ಣೊರೆಸಿಕೊಂಡಳು. ಪೂಜೆ ಮಾಡುವ ಪಾದ್ರಿ ಹಿಂದಿನ ನಡುರಾತ್ರಿಯಿಂದ ಪೂಜೆ ಮುಗಿಯುವ ತನಕ ತುತ್ತು ಅನ್ನವಿರಲಿ, ಗುಟುಕು ನೀರು ಮುಟ್ಟುವಂತಿಲ್ಲ. ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತಿರುವ ನಿಯಮ. ಹೋದ ಚಳಿಗಾಲ ಮುದುಕಿಯೊಬ್ಬಳು ಪ್ರಸಾದ ತೆಗೆದುಕೊಳ್ಳುವ ಮುಂಚೆ ಒಣ ಬ್ರೆಡ್ ತುಂಡು ಬಾಯಿಗೆ ಹಾಕಿಕೊಂಡಳೆಂದು ಇದೇ ಫ್ಲೋರಿಯಾನೊ ಅವಳನ್ನು ಮೂರು ದಿನ ಬರಿಗಾಲಲ್ಲಿ ನಡೆಸಿದ್ದರು.

"ಮುತ್ತು ಕೊಡೋದು ಪೂಜೆ ಮಧ್ಯದಲ್ಲಿ," ಎಂದಳು ಜಿಲಿಯಾ. "ಸಾಸೇಜು ಅದಕ್ಕಿಂತ ಮುಂಚೆ ಒಳಗೆ ಹೋಗಿರಬೇಕಲ್ಲ ಸ್ವಾಮಿ? ಇಲ್ಲಾಂದ್ರೆ ತುಟಿಗೆ ಎಲ್ಲಿಂದ ಬಂತು, ದೇವದೂತರು ಸವರಿದ್ರಾ?"

"ಒಂದೇ ಒಂದು ತುಂಡು," ಎಂದರು ಪಾದ್ರಿ. ಬೆಂಚು ಅವರ ಕೆಳಗೆ ಕಿರುಗುಟ್ಟಿತು.

"ಎಂಟು ವರ್ಷ ಒಂದೇ ತುಂಡಾ?"

"ನಂಗೆ ಬೆಳಿಗ್ಗೆ ತಲೆ ಸುತ್ತುತ್ತಮ್ಮ. ಬಂದ ಹೊಸದರಲ್ಲಿ ಒಂದು ದಿನ ಪೀಠದ ಮುಂದೇನೇ ಬಿದ್ದೆ. ಜನ ನಾನು ಕುಡಿದಿದ್ದೀನಿ ಅಂದ್ರು. ಆಮೇಲಿಂದ... ಒಂದು ಚೂರು ಬಾಯಿಗೆ ಹಾಕ್ಕೊಂಡು ಹೋಗ್ತಿದ್ದೆ. ಬಾಯಿ ಒರೆಸ್ಕೊಂಡೇ ಹೋಗ್ತಿದ್ದೆ."

"ಸರಿಯಾಗಿ ಒರೆಸಿಲ್ಲ," ಎಂದ ನೂತೊ.

"ಭಾನುವಾರ ಬರೋರು ಈ ಹಾಳೆ ಬೆಳಕಿಗೆ ಎತ್ತಿ ಹಿಡೀತಾರೆ," ಎಂದರು ಪಾದ್ರಿ. ಅವರ ದೊಡ್ಡ ಬೆನ್ನು ಇಷ್ಟೇ ಇಷ್ಟಾಗಿ ಮುದುರಿಹೋಗಿತ್ತು. "ನನ್ನನ್ನ ಎತ್ತಿ ಯಾವುದೋ ಬೆಟ್ಟದ ಮೇಲೆ ಹಾಕ್ತಾರೆ. ಅಲ್ಲಿ ತಿನ್ನೋಕೆ ಚೆಸ್ಟ್‌ನಟ್ ಕಾಯಿ ಬಿಟ್ರೆ ಏನೂ ಇರಲ್ಲ. ನೀನು ಹೇಳ್ತೀಯ ಜಿಲಿಯಾ?"

ಹೇಳುವ ಆಸೆ ಅವಳ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಬಾಗಿಲಿಗೆ ಹೋಗಿ ಒಂದು ಕೂಗು ಹಾಕಿದರೆ ಸಾಕು, ಮಧ್ಯಾಹ್ನದೊಳಗೆ ಊರಿನ ಎರಡು ಗೋಪುರಗಳೂ ಬಗ್ಗಿ ಕೇಳುತ್ತಿದ್ದವು. ಮುದುಕಿಯ ಬರಿಗಾಲು ನೆನಪಾಗಿ ಅವಳಿಗೆ ಮೈ ಬಿಸಿಯೇರಿತು. ಆದರೆ ಪಾದ್ರಿ ಹೋದರೆ ಪುಟ ಏನಾಗುತ್ತದೆ? ಜಿಡ್ಡು ಹತ್ತಿದ, ಕಾಲಿಲ್ಲದ, ಹೆಸರು ಕೆಟ್ಟ ಪುಟ. ಬರುವ ಹೊಸಬ ಅದನ್ನು ಕಿತ್ತೆಸೆದು ತದ್ದೇವೋನ ಬಾಗಿಲಿಗೆ ಹೋಗುತ್ತಾನೆ.

"ಅಕ್ಷರ ಇರುತ್ತೆ," ಎಂದಳು. "ಒಂದು ಕೂದಲೆಳೆ ಹೆರೆಯೋ ಹಾಗಿಲ್ಲ. ನಾನು ಜಿಡ್ಡು ತೆಗೆದು ಕಾಲು ಬರೀತೀನಿ. ಇನ್ಮೇಲೆ ನಿಮ್ಮ ಮುತ್ತು ಕೆಳಗಿನ ಶಿಲುಬೆಗೆ. ಆ ಮುದುಕಿ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳಬೇಕು. ಆಯ್ತಾ?"

"ಆಯ್ತು. ಆದ್ರೆ..." ಪಾದ್ರಿ ನೂತೋನ ಕಡೆ ಕಣ್ಣು ಹಾಯಿಸಿದರು. "ಇವನ ಕಾಲು ಬೇಡ. ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈಲಾಗಲ್ಲ."

"ಮತ್ಯಾರದ್ದು ಬರೀಲಿ? ನಂದು ಹೆಂಗಸಿನ ಕಾಲು. ನಿಮ್ದೇ ತೆಗೀರಿ."

"ನಂದಾ?"

"ಪೂಜೆ ಮಾಡೋರ ಕಾಲು. ಅದಕ್ಕಿಂತ ಶುದ್ಧ ಕಾಲು ನಾನೆಲ್ಲಿ ತರ್ಲಿ? ಬಿಚ್ಚಿ ಬೂಟು."

ಪಾದ್ರಿ ಅತ್ತಿತ್ತ ನೋಡಿ, ಬೂಟು ಬಿಚ್ಚಿದರು, ಕಾಲುಚೀಲ ಎಳೆದರು. ಎರಡು ಪಾದಗಳು ಹೊರಗೆ ಬಂದವು. ಬೆಳ್ಳಗೆ, ಉಬ್ಬಿಕೊಂಡು, ಒಲೆಗೆ ಹಾಕುವ ಮೊದಲಿನ ಬ್ರೆಡ್ ಹಿಟ್ಟಿನ ಉಂಡೆಗಳ ಹಾಗೆ. ಬೆರಳುಗಳು ಎಲ್ಲಿವೆ ಎಂದು ಹುಡುಕಬೇಕಿತ್ತು. ನೂತೊ ಮುಕ್ಕಾಲಿಯನ್ನು ಹತ್ತಿರ ಎಳೆದುಕೊಂಡು ಆಸಕ್ತಿಯಿಂದ ನೋಡಿದ.

"ಒಳ್ಳೇ ಚರ್ಮ," ಎಂದ. "ಒಂದು ಕಲೆ ಇಲ್ಲ. ಇಂಥದ್ದು ಸಿಕ್ಕಿದ್ರೆ ನಾಲ್ಕು ಹಾಳೆ ತೆಗೀಬಹುದು."

ಜಿಲಿಯಾ ಒಂದು ಚೂರು ಚರ್ಮದ ಮೇಲೆ ಇದ್ದಿಲಿನಿಂದ ಗೀಚಿದಳು. ಗೀಚಿದ್ದನ್ನು ಕತ್ತರಿಸಿ ತಂದು, ಪುಟದ ಮೇಲೆ, ಮೊಳಕಾಲಿನ ಕೆಳಗೆ ಇಟ್ಟಳು. ಮೂವರೂ ಬಗ್ಗಿ ನೋಡಿದರು.

ಮೇಲೆ ಎಲುಬು ಎಣಿಸಬಹುದಾದ ಎದೆ, ಒಣಗಿದ ಹೊಟ್ಟೆ, ನೋವಿನಲ್ಲಿ ಬಾಗಿದ ಕತ್ತು. ಕೆಳಗೆ ಊಟ ಮುಗಿಸಿ ಎದ್ದುಬಂದ ಎರಡು ಕಾಲು. ಮೊಳೆ ಹೊಡೆದರೂ ನೋವಾಗುವಂತೆ ಕಾಣುತ್ತಿರಲಿಲ್ಲ. ಬೆಣ್ಣೆಗೆ ಕಡ್ಡಿ ಚುಚ್ಚಿದಂತೆ ಒಳಗೆ ಹೋಗುತ್ತಿತ್ತು, ಅಷ್ಟೆ.

ಯಾರೂ ನಗಲಿಲ್ಲ. ನೂತೊ ಕೂಡ ನಗಲಿಲ್ಲ.

ಪಾದ್ರಿ ಬಹಳ ಹೊತ್ತು ನೋಡಿದರು. ಆಮೇಲೆ ಆ ಚೂರನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಬಗ್ಗಿ ಕಾಲುಚೀಲ ಹಾಕಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಹಳೇದೇ ಬರಿ," ಎಂದರು.

"ಇವನದ್ದಾ?"

"ಇವನದ್ದೇ. ಬಗ್ಗಿದಾಗಲೆಲ್ಲ ಆ ಸೊಟ್ಟ ಬೆರಳು, ಆ ಗಾಯ ನೋಡಿ ನಂಗೆ ಕಣ್ಣಲ್ಲಿ ನೀರು ಬರ್ತಿತ್ತು. ಏನೋ ಬಹಳ ದೂರ ನಡೆದ ಕಾಲು ಅನ್ಸೋದು. ಅದಕ್ಕೇ ಶಿಲುಬೆ ಬಿಟ್ಟು ಅಲ್ಲಿಗೇ ಹೋಗ್ತಿದ್ದೆ."

"ನನ್ನ ಹೆಂಡ್ತಿಗೂ ನೀರು ಬರುತ್ತೆ ಸ್ವಾಮಿ," ಎಂದ ನೂತೊ. "ವಾಸನೆಗೆ."

ಜಿಲಿಯಾ ಮೂಳೆ ಸುಟ್ಟ ಬೂದಿಯನ್ನು ಬೆಚ್ಚಗೆ ಮಾಡಿ ಜಿಡ್ಡಿನ ಮೇಲೆ ಸುರಿದಳು, ಭಾರ ಇಟ್ಟಳು, ತೆಗೆದಳು, ಮತ್ತೆ ಸುರಿದಳು. ನಾಲ್ಕನೆಯ ಸಲಕ್ಕೆ ತುಟಿಯ ಗುರುತು ಬೆಳಕಿನಲ್ಲೂ ಕಾಣದಂತಾಯಿತು. ನೂತೋನನ್ನು ಎದುರಿಗೆ ಕೂರಿಸಿ ಕಾಲ ಮೇಲೆ ಕಾಲು ಹಾಕಿಸಿದಳು. ಮೊದಲು ಹಸಿರು ಮಣ್ಣಿನ ತೆಳು ಬಣ್ಣ, ಅದರ ಮೇಲೆ ಬಿಳಿ, ಅದರ ಮೇಲೆ ಚೂರೇ ಚೂರು ಕೆಂಪು. ಎಂಟು ವರ್ಷದಲ್ಲಿ ಆ ಕಾಲು ಇನ್ನಷ್ಟು ಹಾಳಾಗಿತ್ತು. ಇನ್ನೊಂದು ಉಗುರು ಹೋಗಿತ್ತು. ಹಿಮ್ಮಡಿ ಒಡೆದು ಬಾಯಿಬಿಟ್ಟಿತ್ತು. ಅವಳು ಅದನ್ನೂ ಬಿಡದೆ ಬರೆದಳು.

"ಅಲ್ಲಾಡಬೇಡ್ವೋ ಕೋತಿ!"

"ಕಚಗುಳಿ ಕಣೇ."

"ನಾನು ಮುಟ್ಟಿಲ್ಲ, ಪುಟಕ್ಕೆ ಬರೀತಿದ್ದೀನಿ."

"ಅದೇ ಹೇಳ್ತಿದ್ದೀನಿ."

ಕೊನೆಯ ಬೆರಳಿಗೆ ನೆರಳು ಕೊಟ್ಟು ಅವಳು ಕುಂಚ ಎತ್ತಿದ್ದೇ ತಡ, ಪಾದ್ರಿ ಎದ್ದು ಬಂದು, ಕೈ ಮುಗಿದು, ಬಗ್ಗಿಯೇಬಿಟ್ಟರು. ಜಿಲಿಯಾ ಅವರ ಬೋಳಿಸಿದ ನೆತ್ತಿಯನ್ನು ಅಂಗೈಯಲ್ಲಿ ಹಿಡಿದು ಹಿಂದಕ್ಕೆ ತಳ್ಳಿದಳು. "ಒಣಗಿಲ್ಲ! ಎರಡು ದಿನ ಇಲ್ಲೇ ಇರುತ್ತೆ. ಪೂಜೆಗೆ ಹಳೇ ಪುಸ್ತಕ ತೆಗೀರಿ. ಮನೆಗೆ ಹೋಗಿ. ಬಾಯಿ ತೊಳೀರಿ."

ಆ ಎರಡು ದಿನ ಅವಳು ಒಬ್ಬ ವಕೀಲನನ್ನೂ ಬರೆಯಲಿಲ್ಲ. ಪುಟವನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು, ಬೆಳಿಗ್ಗೆಯ ಬೆಳಕಿನಲ್ಲಿ ಒಂದು ಸಲ, ಮಧ್ಯಾಹ್ನದ ಬೆಳಕಿನಲ್ಲಿ ಒಂದು ಸಲ ನೋಡಿದಳು.

ಭಾನುವಾರ ತನಿಖೆ ಆಯಿತು. ಮಧ್ಯಾಹ್ನ ಫ್ಲೋರಿಯಾನೊ ಪಾದ್ರಿ ಓಡೋಡಿ ಅಂಗಡಿಗೆ ಬಂದರು. ಏದುಸಿರು ಬಿಡುತ್ತಿದ್ದರು.

"ಗೆದ್ದೆವು ಜಿಲಿಯಾ! ಪೂಜೆ ನಾನೇ ಮಾಡ್ತೀನಿ ಅಂದ್ರು ಬಿಷಪ್ಪರ ಕಡೆಯವರು. ದೊಡ್ಡ ಪುಟ ತೆಗೆದ್ರು. ನೋಡಿದ್ರು. ನೋಡ್ತಾನೇ ನಿಂತ್ರು. ಆಮೇಲೆ ಬಗ್ಗಿ ಮುತ್ತು ಕೊಟ್ರು ನೋಡು, ಎತ್ತಲಿಲ್ಲ ಮುಖ! ಎದ್ದಾಗ ಕಣ್ಣು ಒದ್ದೆ."

"ಶಿಲುಬೆಗೆ ತಾನೆ ಕೊಟ್ಟಿದ್ದು?"

ಪಾದ್ರಿ ಬೂಟಿನ ಕಡೆ ನೋಡಿದರು. "ಕಾಲಿಗೆ."

ಜಿಲಿಯಾ ಕುಂಚವನ್ನು ನೆಲಕ್ಕೆ ಎಸೆದಳು. ಹಿತ್ತಲಲ್ಲಿ ನೂತೊ ಚರ್ಮ ಹೆರೆಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದ.

"ಬೆಳಿಗ್ಗೆ ಅವ್ರು ಏನು ತಿಂದಿದ್ರು?" ಎಂದು ಕೇಳಿದಳು ಜಿಲಿಯಾ.